ಹಲ್ಲು ಕಟ್ಟುವ ಕಾಕಾ

ಕಾಕಾ ತೀರಿಕೊಂಡು ಮೂರು ತಿಂಗಳಾಯಿತು. ಅವರ ಹಲ್ಲಿನ ಸೆಟ್ಟು ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ. ಕೊಂಡಾಪುರದ ನನ್ನ ಕ್ಲಿನಿಕ್ಕಿನಲ್ಲಿ, ಕೈ ತೊಳೆಯುವ ಸಿಂಕಿನ ಮೇಲಿನ ಕಪಾಟಿನಲ್ಲಿ, ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿಯಲ್ಲಿ. ಅದು ಅಲ್ಲಿ ಇರಬಾರದಿತ್ತು. ಅವರ ಜೊತೆಗೇ ಹೋಗಬೇಕಿತ್ತು. ಹಾಗೆಂದು ನಾನು ಅವರಿಗೆ ಮಾತು ಕೊಟ್ಟಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಕು, ಅಂದರೆ ಅವರ ಹೆಂಡತಿ, ನಲವತ್ತಾರು ವರ್ಷ ಸಂಸಾರ ಮಾಡಿಯೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ‘ನಮ್ಮವರು’, ‘ಇವರು’ ಎನ್ನುವುದರಲ್ಲೇ ಅವರಿಗೆ ಜೀವನ ಸಾಗಿತು. ಅವರು ಹೇಳದ ಹೆಸರನ್ನು ನಾನು ಅಚ್ಚಿಗೆ ಹಾಕಿ ಏನು ಸಾಧಿಸಬೇಕಾಗಿದೆ?

ನಾನು ಹಲ್ಲಿನ ಡಾಕ್ಟರು. ಪದವಿ ಮುಗಿಸಿದ ಹೊಸದರಲ್ಲಿ ಇದೇ ಊರಿನ ಹಿಮಾಯತ್‌ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿದ್ದ ಹಳೆಯ ಕ್ಲಿನಿಕ್ಕಿಗೆ ಸೇರಿದೆ. ದೊಡ್ಡ ಡಾಕ್ಟರು ತೆಲುಗಿನವರು, ಮಾತು ಕಡಿಮೆ. ರೋಗಿಗಳು ಕೂರುವ ಬೆಂಚಿನ ಹಿಂದೆ ಒಂದು ಕಿರಿದಾದ ಕೋಣೆ ಇತ್ತು. ಅಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಹುಬ್ಬಿಗೆಲ್ಲ ಪ್ಲಾಸ್ಟರಿನ ಧೂಳು ಮೆತ್ತಿಕೊಂಡು, ಮೇಣ ಕಾಯಿಸುತ್ತಾ ಕೂತಿರುತ್ತಿದ್ದರು. ಹಲ್ಲಿನ ಸೆಟ್ಟುಗಳೆಲ್ಲ ತಯಾರಾಗುತ್ತಿದ್ದದ್ದು ಅವರ ಕೈಯಲ್ಲಿ. ಮೊದಲ ದಿನ ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ಹೊರಗೆ ಬಂದರು.

“ಯಾವೂರಾಕಿ ನೀ?”

“ಇಲ್ಲಿಯಾಕಿನ ರಿ. ಅಪ್ಪಾಜಿ ಗದಗ ಕಡಿಯವರು. ಇಲ್ಲಿ ಸೆಂಟ್ರಲ್ ಗೌರ್ಮೆಂಟ್ ಫ್ಯಾಕ್ಟರಿಗೆ ಬಂದಿದ್ರು.”

“ಹಂಗಾರ ನಮ್ಮಾಕಿನ ಬಿಡು,” ಎಂದು ಹೇಳಿ ಒಳಗೆ ಹೋದರು. ಅಂದಿನಿಂದ ಅವರು ನನಗೆ ಕಾಕಾ. ರೋಗಿಗಳ ಮುಂದೆ ಮಾತ್ರ ‘ಮೇಡಂ’ ಎಂದು ಕರೆದು, ಮಾತಿಗೊಮ್ಮೆ ‘ರಿ’ ಹಚ್ಚಿ, ನನಗೆ ಇಲ್ಲದ ಗೌರವವನ್ನೆಲ್ಲ ಕೊಡುತ್ತಿದ್ದರು. ಪರದೆಯ ಹಿಂದೆ ಹೋದ ಕೂಡಲೇ ಬೈಗಳು ಶುರು.

ಮೊದಲ ಬೈಗಳು ನೆನಪಿದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ಎಲ್ಲಕ್ಕಿಂತ ಬಿಳಿಯ ಬಣ್ಣದ, ಗೆರೆ ಎಳೆದಂತೆ ಸಾಲಾದ ಹಲ್ಲು ಮಾಡಿಕೊಡಿ ಎಂದು ಚೀಟಿ ಬರೆದು ಕಳಿಸಿದ್ದೆ. ಕಾಕಾ ಚೀಟಿ ಹಿಡಿದುಕೊಂಡು ಬಂದರು.

“ಅಜ್ಜಿ ಫೋಟೋ ಎಲ್ಲೈತಿ?”

“ಫೋಟೋ ಯಾಕ ಬೇಕು ಕಾಕಾ? ಅಳತಿ ಕೊಟ್ಟೀನಲ್ಲ.”

“ಅಳತಿ ಬಾಯಿದು. ಅಜ್ಜಿದು ಎಲ್ಲೈತಿ? ಮದಿವ್ಯಾಗಿಂದು, ಮಗನ ಮುಂಜಿವ್ಯಾಗಿಂದು, ಯಾವುದರ ತರಾಕ ಹೇಳು. ನಕ್ಕಿದ್ದು ಇರಬೇಕು. ಹಲ್ಲು ಚಂದ ಇರಬಾರದು ತಂಗಿ, ಅವರದ ಇರಬೇಕು.”

ಇದು ಅವರ ಕೆಲಸದ ಪದ್ಧತಿ. ಫೋಟೋ ಇಲ್ಲದೆ ಮೇಣ ಮುಟ್ಟುತ್ತಿರಲಿಲ್ಲ. ಫೋಟೋದಲ್ಲಿ ಒಂದು ಹಲ್ಲು ಇನ್ನೊಂದರ ಮೇಲೆ ತುಸು ಏರಿದ್ದರೆ ಹೊಸ ಸೆಟ್ಟಿನಲ್ಲೂ ಅಷ್ಟೇ ಏರಿಸುತ್ತಿದ್ದರು. ನಡುವೆ ಸಂದಿ ಇದ್ದರೆ ಸಂದಿ ಬಿಡುತ್ತಿದ್ದರು. ದುಡ್ಡು ಕೊಟ್ಟು ಸೊಟ್ಟ ಹಲ್ಲು ಕಟ್ಟಿಸಿಕೊಂಡೆವು ಎಂದು ಜಗಳಕ್ಕೆ ಬಂದವರೂ ಇದ್ದಾರೆ. ಆದರೆ ಕನ್ನಡಿ ನೋಡಿ ಅಳುತ್ತಾ ಕೂತವರೇ ಜಾಸ್ತಿ. ಆ ಅಜ್ಜಿಯೂ ಅತ್ತರು.

ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡುವ ದಿನ, ಮಾತು ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸುವುದು ನಮ್ಮಲ್ಲಿ ರೂಢಿ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅರವತ್ತರಿಂದ ಎಪ್ಪತ್ತರವರೆಗೆ ಎಣಿಸಲು ಹೇಳುತ್ತೇವೆ, ‘ಸ’ಕಾರ ಸೀಟಿ ಹೊಡೆಯಬಾರದು. ಕಾಕಾ ನಮ್ಮ ಕಡೆಯ ಹೆಂಗಸರಿಗೆ ಎಣಿಸಲು ಹೇಳುತ್ತಿರಲಿಲ್ಲ. ಒಡಪು ಹೇಳಿಸುತ್ತಿದ್ದರು. ಮದುವೆಯಾಗಿ ಹೊಸ್ತಿಲು ದಾಟುವಾಗ ಹೆಣ್ಣುಮಕ್ಕಳು ಪ್ರಾಸ ಕಟ್ಟಿ ಗಂಡನ ಹೆಸರು ಹೇಳುತ್ತಾರಲ್ಲ, ಅದು. ಅರವತ್ತೈದು ವರ್ಷದ ಹೆಂಗಸರು ಡೆಂಟಲ್ ಕುರ್ಚಿಯಲ್ಲಿ ಮಲಗಿಕೊಂಡು, ಬಾಯಲ್ಲಿ ಮೇಣದ ಹಲ್ಲು ಇಟ್ಟುಕೊಂಡು, ಸೆರಗಿನಲ್ಲಿ ಮುಖ ಮುಚ್ಚಿ ಗಂಡನ ಹೆಸರು ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಒಮ್ಮೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ನಿವೃತ್ತ ತಹಶೀಲ್ದಾರರೊಬ್ಬರು ತಮ್ಮ ಹೆಸರು ಕೇಳಿಸಿ, ತಮ್ಮನ್ನೇ ಕರೆದರೆಂದು ದಡಬಡಿಸಿ ಒಳಗೆ ಬಂದುಬಿಟ್ಟಿದ್ದರು. ಅವರ ಹೆಂಡತಿ ನಾಚಿಕೆಯಿಂದ ಸತ್ತೇಹೋಗುವಂತಾಗಿದ್ದರು. “ಚಲೋ ಬಂತ ನೋಡ್ರಿ ಮಾತು,” ಎಂದು ಕಾಕಾ ಸೆಟ್ಟು ತೆಗೆದುಕೊಂಡು ಒಳಗೆ ಹೋದರು. ಸೆಟ್ಟು ಕೊಟ್ಟು ತಿಂಗಳಾದ ಮೇಲೆ ಇನ್ನೊಂದು ಪರೀಕ್ಷೆ ಇತ್ತು. ಊರಿಂದ ತರಿಸಿದ, ಹಲ್ಲಿಗೆ ಅಂಟುವ ಕರದಂಟಿನ ಒಂದು ತುಂಡು ಕೊಟ್ಟು ಎದುರಿಗೇ ತಿನ್ನಿಸುತ್ತಿದ್ದರು.

ಅವರ ಬಾಯಲ್ಲಿದ್ದ ಹಲ್ಲೂ ಅವರೇ ಕಟ್ಟಿಕೊಂಡದ್ದು ಎಂದು ನನಗೆ ಗೊತ್ತಾದದ್ದು ಎರಡು ವರ್ಷದ ನಂತರ. ಹಲ್ಲಿನ ಡಾಕ್ಟರಾಗಿ ನನಗೇ ಗುರುತು ಸಿಕ್ಕಿರಲಿಲ್ಲ. ಎಡಗಡೆಯ ಮುಂಬಲ್ಲು ಪಕ್ಕದ್ದರ ಮೇಲೆ ತುಸು ಹೊರಳಿಕೊಂಡಿತ್ತು, ಕೆಳಗಿನ ಸಾಲಿನಲ್ಲಿ ಒಂದರ ಮೂಲೆ ಮುಕ್ಕಾಗಿತ್ತು. ಸುಳ್ಳು ಹಲ್ಲಿಗೆ ಇಂಥ ಐಬು ಯಾರು ಇಡುತ್ತಾರೆ? ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ ಅವರಾಗಿಯೇ ಹೇಳಿದರು.

ಮದುವೆಗೆ ಮೊದಲು ಅವರು ಸನತ್‌ನಗರದ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿದ್ದರಂತೆ. ಮರಳಿನ ಅಚ್ಚು ಮಾಡುವ ಕೆಲಸ. ಊರಿಗೆ ಹೋಗಿ ಹೆಣ್ಣು ನೋಡಿ ಬಂದಿದ್ದರು, ಮಾತು ಮುಗಿದಿತ್ತು. ಹುಡುಗಿ ಯಾವುದಕ್ಕೂ ಬಾಯಿ ಬಿಡದವಳು, ಗೆಳತಿಯರ ಹತ್ತಿರ ಮಾತ್ರ ‘ನಗು ಚಂದ ಐತಿ’ ಎಂದಳಂತೆ. ಆ ಮಾತು ಹೇಗೋ ಇವರ ಕಿವಿಗೆ ಬಿದ್ದಿತ್ತು. ಮದುವೆಗೆ ಎರಡು ತಿಂಗಳಿರುವಾಗ ಕಾರ್ಖಾನೆಯಲ್ಲಿ ಕಬ್ಬಿಣದ ಹಿಡಿಕೆಯೊಂದು ಸಿಡಿದು ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಅಷ್ಟೂ ಹೋದವು.

“ಆ ಸಂಕಟ ನಿನಗ ಹೇಳಿದ್ರ ತಿಳಿಯಂಗಿಲ್ಲ ತಂಗಿ. ಅಕಿ ಒಪ್ಪಿದ್ದು ನನ್ನ ನಗುವಿಗೆ. ಅದನ್ನ ಕಳಕೊಂಡು ಹೆಂಗ ಹೋಗಿ ನಿಂದರಲಿ?”

ಆಗಲೇ ಅವರು ಈ ಕ್ಲಿನಿಕ್ಕಿಗೆ ಬಂದದ್ದು. ಆಗಿದ್ದ ಕೆಲಸಗಾರ ಮಾಡಿಕೊಟ್ಟ ಹಲ್ಲು ನೋಡಿ, ಇದು ನನ್ನದಲ್ಲ ಎಂದು ಹಟ ಹಿಡಿದರಂತೆ. ಅಚ್ಚಿನ ಕೆಲಸ ಬಲ್ಲ ಕೈ. ಹೆಣ್ಣು ನೋಡುವ ದಿನ ತೆಗೆಸಿದ್ದ ಫೋಟೋ ಮುಂದಿಟ್ಟುಕೊಂಡು ತನ್ನ ಹಲ್ಲನ್ನು ತಾನೇ ಮೇಣದಲ್ಲಿ ತಿದ್ದಿದರು. ಮದುವೆಯಾಯಿತು. ಕಾರ್ಖಾನೆ ಬಿಟ್ಟು ಇಲ್ಲೇ ಉಳಿದರು. ವರ್ಷಗಳು ಕಳೆದು ಉಳಿದ ಹಲ್ಲೂ ಒಂದೊಂದಾಗಿ ಹೋದಾಗ, ಅದೇ ಫೋಟೋ ನೋಡಿ ಪೂರ್ತಿ ಸೆಟ್ಟು ಕಟ್ಟಿಕೊಂಡರು.

“ಕಾಕುಗೆ ಗೊತ್ತೈತೇನು?”

“ನಾ ಹೇಳಿಲ್ಲ. ಅಕಿ ಕೇಳಿಲ್ಲ. ಬಚ್ಚಲದಾಗ ಮ್ಯಾಲ ಗ್ವಾಡಿ ಮಾಡದಾಗ ಒಂದು ತಂಬಿಗಿ ಐತಿ. ಬಾಗಲಾ ಹಾಕ್ಕೊಂಡು ತೊಳೀತೀನಿ, ಬಾಯಾಗ ಇಟ್ಕೊಂಡ ಹೊರಗ ಬರ್ತೀನಿ. ಇಷ್ಟು ವರ್ಷ ಆತು, ನನ್ನ ಬೋಳು ಬಾಯಿ ಅಕಿ ನೋಡಿಲ್ಲ. ನೋಡಾಕ ಬಿಟ್ಟಿಲ್ಲ.”

ನಾನು ನಕ್ಕೆ. ಗೊತ್ತಿಲ್ಲದೆ ಇರುತ್ತದೆಯೇ, ಒಂದೇ ಮನೆ, ಒಂದೇ ಹಾಸಿಗೆ ಎಂದು ಛೇಡಿಸಿದೆ. ಕಾಕಾ ನಗಲಿಲ್ಲ. ಬುತ್ತಿಯ ಡಬ್ಬಿ ಮುಚ್ಚಿ ಕೈ ತೊಳೆಯಲು ಹೋದರು.

ಅವರು ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಅದಕ್ಕೆ ಯಾರೂ ಅವರನ್ನು ನೇಮಿಸಿರಲಿಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ, ಅವರ ಹಲ್ಲಿನ ಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯವರ ಕೈಗೆ ಕೊಡುತ್ತಾರೆ. ಹಲ್ಲಿಲ್ಲದ ಮುಖ ಒಳಗೆ ಕುಸಿದು, ಗದ್ದ ಮೂಗಿಗೆ ಹತ್ತಿರವಾಗಿ, ಬೇರೆ ಯಾರದೋ ಮುಖದಂತಾಗುತ್ತದೆ. ಅಂಥ ಮನೆಗಳಿಂದ ಕಾಕಾನಿಗೆ ಫೋನು ಬರುತ್ತಿತ್ತು. ಕೈಯಲ್ಲಿದ್ದ ಕೆಲಸ ಇದ್ದಲ್ಲೇ ಬಿಟ್ಟು ಹೊರಡುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಸೆಟ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರು. ಮನೆಯವರನ್ನು ಆಚೆ ಕಳಿಸಿದರು. ಮಂಡಿಯೂರಿ, ಕ್ಲಿನಿಕ್ಕಿನಲ್ಲಿ ಹೇಳುವ ಧಾಟಿಯಲ್ಲೇ, “ಬಾಯಿ ಸ್ವಲ್ಪ ತೆಗೀರಿ ಸಾಹೇಬ್ರ, ಆತು, ಇಷ್ಟ,” ಎಂದರು. ಮೊದಲು ಮೇಲಿನದು, ಆಮೇಲೆ ಕೆಳಗಿನದು. ಎಲ್ಲ ಕೂತ ಮೇಲೆ ಒಂದು ಟವೆಲ್ಲು ಸುತ್ತಿ ಗದ್ದದ ಕೆಳಗೆ ಆನಿಸಿಟ್ಟರು. ಪುರೋಹಿತರು ಮೈಮೇಲೆ ಕೃತಕ ವಸ್ತು ಇರಬಾರದು ಎಂದು ತಕರಾರು ತೆಗೆದರು. “ಮಕ್ಕಳು ಮಾರಿ ನೋಡೂ ತನಕ ಇರಲಿ ಸ್ವಾಮಿ, ಆಮ್ಯಾಲೆ ನೀವ ತಗೀರಿ,” ಎಂದರು ಕಾಕಾ. ಯಾರೂ ತೆಗೆಯಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಹೇಳಿದರು: “ಎರಡು ತಾಸು, ತಂಗಿ. ಅದರೊಳಗ ಮುಟ್ಟಬೇಕು. ಆಮ್ಯಾಲೆ ದವಡಿ ಬಿಗಿತೈತಿ, ಮನಶ್ಯಾ ನಮ್ಮ ಮಾತು ಕೇಳಂಗಿಲ್ಲ.” ಇಳಿಯುವಾಗ, “ನನ್ನ ಪಾಳಿ ಬಂದಾಗ ನೀ ಬರಬೇಕು. ಅಕಿ ನೋಡೂದ್ರೊಳಗ,” ಎಂದರು. ನಾನು ಆಗಲಿ ಎಂದೆ. ಇಪ್ಪತ್ತಾರು ವರ್ಷದ ಹುಡುಗಿ, ಏನು ಕೇಳಿದರೂ ಆಗಲಿ ಎನ್ನುವ ವಯಸ್ಸು.

ದೊಡ್ಡ ಡಾಕ್ಟರು ಹೋದ ಮೇಲೆ ಆ ಕ್ಲಿನಿಕ್ ಮುಚ್ಚಿತು. ನಾನು ಕೊಂಡಾಪುರದಲ್ಲಿ ಸ್ವಂತದ್ದು ತೆರೆದೆ. ಅಲ್ಲಿಯ ಗಿರಾಕಿಗಳು ಬೇರೆ. ಗಿರಾಕಿ ಎಂದೇ ಬರೆಯುತ್ತೇನೆ, ಅವರಲ್ಲಿ ಹೆಚ್ಚಿನವರಿಗೆ ರೋಗವೇ ಇರುವುದಿಲ್ಲ. ಹಲ್ಲು ಬಿಳಿ ಮಾಡಿಸಲು, ಕಾಣದ ಪಾರದರ್ಶಕ ಕ್ಲಿಪ್ಪು ಹಾಕಿಸಿ ಸಾಲು ಸರಿಪಡಿಸಲು, ವಿನೀರ್ ಕೂರಿಸಲು ಬರುತ್ತಾರೆ. ವಿನೀರ್ ಅಂದರೆ ಹಲ್ಲಿನ ಮುಂಭಾಗವನ್ನು ತುಸು ಸವರಿ ಉಗುರಿನಷ್ಟು ತೆಳ್ಳನೆಯ ಪಿಂಗಾಣಿ ಹೊದಿಕೆ ಅಂಟಿಸುವುದು. ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿದರೆ ಮುಂದಿನ ನಗು ಹೇಗಿರುತ್ತದೆಂದು ಪರದೆಯ ಮೇಲೆ ಮೊದಲೇ ಕಾಣುತ್ತದೆ. ಇದನ್ನೆಲ್ಲ ನಾನು ಹೀಗಳೆಯಲಾರೆ. ಹುಟ್ಟಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದ ಹುಡುಗಿಯರು ಇಲ್ಲಿಂದ ತಲೆಯೆತ್ತಿ ಹೋಗಿದ್ದಾರೆ. ನನ್ನ ಅನ್ನವೂ ಅದೇ.

ಕಾಕಾ ಒಮ್ಮೆ ನೋಡಲು ಬಂದರು. ಹೊಸ ಹಲ್ಲು ಕೆತ್ತುವ ಯಂತ್ರದ ಗಾಜಿನ ಕಿಟಕಿಯ ಮುಂದೆ ಅರ್ಧ ತಾಸು ನಿಂತರು. ಬಿಳಿ ಬಿಲ್ಲೆಯೊಂದರಿಂದ ದವಡೆಹಲ್ಲು ತಾನೇ ತಾನಾಗಿ ಮೂಡಿ ಬಂತು.

“ಚಲೋ ಮಾಡ್ತೈತಿ. ನನಗಿಂತ ಚಲೋ,” ಎಂದರು. ಹೊಟ್ಟೆಕಿಚ್ಚು ಇರಲಿಲ್ಲ, ಅದೇ ನನಗೆ ಬೇಜಾರಾಯಿತು. ಗೋಡೆಯ ಮೇಲಿದ್ದ ನನ್ನ ಗಿರಾಕಿಗಳ ನಗುವಿನ ಫೋಟೋಗಳನ್ನು ತೋರಿಸಿ, “ಎಲ್ಲಾರೂ ಅಕ್ಕತಂಗ್ಯಾರು ಏನು?” ಎಂದರು.

ಅಂದೇ ನಾನು ಹೇಳಿದ್ದು: ಕಾಕಾ, ನಿಮಗೆ ಇಂಪ್ಲಾಂಟ್ ಹಾಕುತ್ತೇನೆ, ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ ಹಲ್ಲು ಬಿಗಿದುಬಿಡುತ್ತೇನೆ, ನಿಮ್ಮದೇ ನಮೂನೆಯಲ್ಲಿ, ಆ ಹೊರಳಿದ ಹಲ್ಲಿನ ಸಮೇತ. ಅವರು ಕುರ್ಚಿಯಲ್ಲಿ ಎದ್ದು ಕೂತರು.

“ತಗಿಯೂದ ಇರಂಗಿಲ್ಲ?”

“ಇರಂಗಿಲ್ಲ.”

“ಆಸ್ಪತ್ರಿಯಾಗೂ ತಗಿಯಂಗಿಲ್ಲ?”

“ಯಾರಿಗೂ ತಗಿಯಾಕ ಬರಂಗಿಲ್ಲ ಕಾಕಾ.”

ಅವರ ಮುಖ ಅಂದು ಅರಳಿದ್ದನ್ನು ನಾನು ಮರೆತಿಲ್ಲ. ಎಪ್ಪತ್ತೊಂದು ವರ್ಷದವರು ಮಗುವಿನ ಹಾಗೆ, “ಯಾವಾಗ ಮಾಡ್ತಿ?” ಎಂದು ಕೇಳಿದರು. ಸ್ಕ್ಯಾನ್ ಮಾಡಿಸಿದೆ. ಎಲುಬು ಸಾಕಷ್ಟಿತ್ತು, ಸಕ್ಕರೆ ಹತೋಟಿಯಲ್ಲಿತ್ತು. ಆದರೆ ಅದು ಮದುವೆಗಳ ಕಾಲ. ಮದುಮಕ್ಕಳ ಹಲ್ಲಿನ ಕೆಲಸವೆಲ್ಲ ಮುಹೂರ್ತಕ್ಕೆ ಮೊದಲು ಮುಗಿಯಬೇಕು. ಬೆಳಗಿನಿಂದ ಸಂಜೆವರೆಗೆ ಕುರ್ಚಿ ಖಾಲಿ ಇರುತ್ತಿರಲಿಲ್ಲ. ಆಷಾಢ ಬಂದರೆ ಮದುವೆಗಳಿಲ್ಲ, ಕ್ಲಿನಿಕ್ ಬಣಗುಟ್ಟುತ್ತದೆ. “ಆಷಾಢದಾಗ ನಿಧಾನಕ್ಕ ಮಾಡೂಣು ಕಾಕಾ,” ಎಂದೆ. ಮೊದಲ ಬುಧವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು ಎಂದು ಪುಸ್ತಕದಲ್ಲಿ ಅವರ ಹೆಸರು ಬರೆಸಿದೆ. ಅವರು ಎರಡು ಸಲ ಫೋನು ಮಾಡಿ, “ನಡುವ ಯಾರರ ಬರದಿದ್ರ ಕರಿ, ಬಂದಬಿಡ್ತೀನಿ,” ಎಂದರು. ನಡುವೆ ಒಬ್ಬಿಬ್ಬರು ಬರದೆ ಹೋದದ್ದೂ ಉಂಟು. ಆ ಹೊತ್ತಿನಲ್ಲಿ ನಾನು ಚಹಾ ಕುಡಿದೆ.

ಆಷಾಢಕ್ಕೆ ಇನ್ನೂ ಹನ್ನೊಂದು ದಿನ ಬಾಕಿ ಇರುವಾಗ, ಬೆಳಿಗ್ಗೆ ಹತ್ತೂವರೆಗೆ ಕಾಕುವಿನ ತಮ್ಮನ ಫೋನು ಬಂತು. ಎದೆನೋವೆಂದು ಹಿಂದಿನ ದಿನ ಆಸ್ಪತ್ರೆಗೆ ಸೇರಿಸಿದ್ದರಂತೆ.

“ಡಾಕ್ಟರ್ರ, ಭಾವ ಹೋದ್ರು ರಿ. ಹತ್ತು ಗಂಟೆಕ್ಕ. ಮನಿಗೆ ತರಾಕತ್ತೀವಿ. ಅಕ್ಕ ನಿಮಗ ಲಗೂ ಬಾ ಅಂತ ಹೇಳಂದ್ಲು. ಹಲ್ಲು ಚೀಲದಾಗ ಹಾಕಿ ಕೊಟ್ಟಾರ, ನಾನ ಇಡಲೇನು?”

“ಬ್ಯಾಡ್ರಿ. ನೀವು ಕೈ ಹಚ್ಚಬ್ಯಾಡ್ರಿ, ನಾ ಬರಾಕತ್ತೀನಿ. ಟವೆಲ್ ಸುತ್ತಿ ಗದ್ದದ ಕೆಳಗ ಬಿಗಿಯಾಗಿ ಇಡ್ರಿ,” ಎಂದೆ.

ಬರಾಕತ್ತೀನಿ ಎಂದೆ, ಆದರೆ ಹೊರಟಿರಲಿಲ್ಲ. ಕುರ್ಚಿಯಲ್ಲಿ ಒಬ್ಬ ಮದುಮಗಳಿದ್ದಳು. ಎಂಟು ವಿನೀರುಗಳಲ್ಲಿ ಮೂರು ಕೂತಿದ್ದವು, ಐದು ಬಾಕಿ. ನನ್ನ ಕೈಕೆಳಗೆ ಒಬ್ಬ ಡಾಕ್ಟರ್ ಇದ್ದಳು, ಚೆನ್ನಾಗಿ ಕೆಲಸ ಬಲ್ಲವಳು. ಅವಳಿಗೆ ಒಪ್ಪಿಸಿ ಹೊರಡಬಹುದಿತ್ತು. ಆದರೆ ಹುಡುಗಿಯ ತಾಯಿ ಪಕ್ಕದಲ್ಲೇ ಕೂತು ಪ್ರತಿ ಹಲ್ಲಿನ ಬಣ್ಣ ನೋಡುತ್ತಿದ್ದಳು. ನನ್ನ ಹೆಸರು ಕೇಳಿಕೊಂಡು ಬಂದವರು. ಇನ್ನೊಂದು ತಾಸು, ಸಾಕು ಎಂದುಕೊಂಡೆ. ಅದು ಒಂದೂಮುಕ್ಕಾಲು ತಾಸಾಯಿತು. ಆಮೇಲೆ ರಸ್ತೆಯಲ್ಲಿ ವಾಹನಗಳ ಸಾಲು. ನಾನು ಹಿಮಾಯತ್‌ನಗರದ ಕಾಕಾನ ಮನೆಯ ಗಲ್ಲಿ ಮುಟ್ಟಿದಾಗ ಒಂದೂವರೆ ಗಂಟೆ.

ನಡುಮನೆಯಲ್ಲಿ ಮಲಗಿಸಿದ್ದರು. ಗದ್ದದ ಕೆಳಗೆ ಟವೆಲ್ಲು ಬಿಗಿಯಾಗಿತ್ತು. ನೋಡಿದ ಕೂಡಲೇ ನನ್ನ ತಪ್ಪು ಹೊಳೆಯಿತು. ಟವೆಲ್ಲು ಇಡಬೇಕಾದ್ದು ಹಲ್ಲು ಕೂತ ಮೇಲೆ. ನಾನು ಹಲ್ಲಿಲ್ಲದ ಬಾಯಿಯನ್ನು ಮುಚ್ಚಿಸಿ, ಅದು ಹಾಗೆಯೇ ಗಟ್ಟಿಯಾಗಲು ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದೆ. ಕಾಕುವಿನ ತಮ್ಮನೇ ಒರಟು ಕೈಯಿಂದ ಇಟ್ಟಿದ್ದರೂ ಕೂತಿರುತ್ತಿತ್ತು.

ಕಾಕು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಆಸ್ಪತ್ರೆಯಲ್ಲಿ ಒಳಗೆ ಬಿಟ್ಟಿರಲಿಲ್ಲ. ಮನೆಗೆ ತಂದಾಗ ಇವರೇ ತಿರುಗಿ ಕೂತರಂತೆ.

“ಬಂದೇನವಾ? ನಾ ಈ ಕಡೆ ಕುಂತೀನಿ. ನೀ ಮುಗಿಸು. ಆಮ್ಯಾಲೆ ಹೇಳು, ನೋಡ್ತೀನಿ.”

ಅಂದರೆ ಎಲ್ಲವೂ ಗೊತ್ತಿತ್ತು. ತಂಬಿಗೆ, ಬಚ್ಚಲಿನ ಬಾಗಿಲು, ನನ್ನ ಮಾತು, ಎಲ್ಲ.

ಸೆಟ್ಟು ತೊಳೆದೆ. ಮಂಡಿಯೂರಿದೆ. “ಕಾಕಾ, ಬಾಯಿ ಸ್ವಲ್ಪ ತೆಗೀರಿ,” ಎಂದೆ. ಹೆಬ್ಬೆರಳು ಇಟ್ಟು ದವಡೆ ಒತ್ತಿದೆ. ಕದಲಲಿಲ್ಲ. ಬಿಸಿನೀರಿನ ಬಟ್ಟೆ ಇಟ್ಟು ಕಾದೆ, ಮತ್ತೆ ಒತ್ತಿದೆ. ಇನ್ನೂ ಒತ್ತಿದ್ದರೆ ಎಲುಬು ಮುರಿಯುತ್ತಿತ್ತು. ಸಾವಿರಾರು ಬಾಯಿ ತೆಗೆಸಿದ ಕೈ ಇದು.

“ಆತೇನವಾ?”

“ಇಲ್ಲ ಕಾಕು. ತಡಾ ಆತು. ನಾ ತಡಾ ಮಾಡಿದೆ.”

“ಇನ್ನೊಮ್ಮೆ ನೋಡು.”

ಇನ್ನೊಮ್ಮೆ ನೋಡಿದೆ. “ಆಗವಲ್ದು ಕಾಕು. ಹಿಂಗ ನೋಡ್ರಿ, ಏನೂ ಆಗಂಗಿಲ್ಲ. ಮಾರಿ ಅವರದ ಐತಿ.”

ಕಾಕು ಗೋಡೆಯ ಕಡೆಗೇ ಹೇಳಿದರು: “ನಲವತ್ತಾರು ವರ್ಷ ನನಗ ತೋರಿಸಬಾರದಂತ ಕಾಯ್ದಾರ. ಈಗ ಅವರು ಏಳಂಗಿಲ್ಲಂತ ನಾ ಕದ್ದು ನೋಡಲೇನು? ನಾ ನೋಡಂಗಿಲ್ಲವಾ.”

ಬಾಯಿಗೆ ತುಳಸಿ ನೀರು ಬಿಡುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಎದ್ದರು. ತಮ್ಮನೇ ಕೈ ಹಿಡಿದು ಕರೆತಂದ. ತಡವರಿಸುತ್ತಾ ಅವರ ಬೆರಳು ಕಾಕಾನ ತುಟಿಗೆ ತಗುಲಿತು, ಒಳಕ್ಕೆ ಇಳಿಯಿತು, ಒಂದು ಕ್ಷಣ ಅಲ್ಲೇ ನಿಂತಿತು. ನೀರು ಗಲ್ಲದ ಮೇಲೆ ಹರಿದುಹೋಯಿತು. ಕಾಕು ಕಣ್ಣು ಬಿಡಲಿಲ್ಲ. ಎತ್ತಿಕೊಂಡು ಹೋಗುವಾಗಲೂ ಬಿಡಲಿಲ್ಲ. ಗಂಡನ ಮುಖವನ್ನು ಕೊನೆಯ ಸಲ ನೋಡುವುದನ್ನು ನಾನು ಅವರಿಂದ ಕಸಿದುಕೊಂಡೆ, ಐದು ವಿನೀರುಗಳಿಗಾಗಿ.

ಸೆಟ್ಟನ್ನು ಗಾಬರಿಯಲ್ಲಿ ಪರ್ಸಿಗೆ ಹಾಕಿಕೊಂಡಿದ್ದೆ. ನೆನಪಾದಾಗ ಎಲ್ಲ ಮುಗಿದಿತ್ತು. ಹದಿಮೂರನೆಯ ದಿನ ಒಯ್ದು ಕೊಡಲು ಹೋದೆ. “ನನ್ನ ಮುಂದ ತಗೀಬ್ಯಾಡ ಅದನ್ನ, ನೀನ ಇಟ್ಕೋ,” ಎಂದರು ಕಾಕು. ನಾನು ತೆಗೆಯಲಿಲ್ಲ. ಒಣಗಿಸಬೇಡಿ, ದಿನಾ ನೀರು ಬದಲಿಸಿ ಎಂದು ಕಾಕಾ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದರು. ಬದಲಿಸುತ್ತಿದ್ದೇನೆ.

ಆಷಾಢ ಬಂತು. ಮೊದಲ ಬುಧವಾರದ ಹಿಂದಿನ ದಿನ ರಿಸೆಪ್ಷನ್ನಿನ ಹುಡುಗಿ ಪುಸ್ತಕ ಹಿಡಿದು ಬಂದು, ಈ ಸಮಯ ಬೇರೆಯವರಿಗೆ ಕೊಡಲೇ ಮೇಡಂ ಎಂದು ತೆಲುಗಿನಲ್ಲಿ ಕೇಳಿದಳು. ಬೇಡ ಎಂದೆ. ಮರುದಿನ ಒಂಬತ್ತರಿಂದ ಹನ್ನೆರಡರವರೆಗೆ ಗ್ಲೌಸ್ ಹಾಕಿಕೊಂಡು ಖಾಲಿ ಕುರ್ಚಿಯ ಪಕ್ಕ ಕೂತಿದ್ದೆ. ಯಾರೂ ಬರಲಿಲ್ಲ. ಆಷಾಢದಲ್ಲಿ ಯಾರೂ ಬರುವುದಿಲ್ಲ.